ಯಾಣದ ಬಂಡೆಗಳ ನಡುವೆ

ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ ಎಂಬ ಗಾದೆಯುಂಟು. ನಮ್ಮ ಪ್ರವಾಸದ ಗುಂಪಿನಲ್ಲಿ ಎರಡೂ ಇಲ್ಲದವನು ಬಹುಶಃ ನಾನೊಬ್ಬನೇ!

ಕುಮಟೆಯ ಕಾಡಿನ ನಡುವೆ ಎದ್ದು ನಿಂತ ಕರಿಯ ಸುಣ್ಣಕಲ್ಲಿನ ಶಿಖರಗಳಲ್ಲಿ ಭೈರವೇಶ್ವರನದು ಸುಮಾರು ೧೨೦ ಮೀಟರ್, ಮೋಹಿನಿಯದು ೯೦. ಭಸ್ಮಾಸುರನು ಬೂದಿಯಾದುದರಿಂದ ಇಲ್ಲಿಯ ನೆಲ ಕಪ್ಪೆಂಬುದು ಸ್ಥಳಪುರಾಣ. ಗಾಳಿಯ ಇಂಗಾಲಾಮ್ಲವನ್ನು ಹೀರಿದ ಮಳೆನೀರು ಯುಗಯುಗಗಳಿಂದ ಕಲ್ಲನ್ನು ಕರಗಿಸಿ ಗುಹೆ ಕೊರೆಯಿತೆಂದು ನಮ್ಮ ಭೂಗೋಳದ ಅಧ್ಯಾಪಕರು ಹೇಳಿದರು.

ವೀರನಹೊಸಹಳ್ಳಿಯವನಾದ ನನಗೆ ಕಾಡು ಹೊಸತಲ್ಲ. ನಾಗರಹೊಳೆಯ ಅಂಚಿನ ಹೊಲದಲ್ಲಿ ನಮ್ಮ ತಂದೆಯವರು ಆನೆ ಕಾಯುತ್ತ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂರುತ್ತಾರೆ. ಪ್ರವಾಸದ ಹಣ ಕೇಳಿದಾಗ, "ದುಡ್ ಕೊಟ್ಟು ಕಾಡ್ ನೋಡಕ್ ಹೋದೀಯೇನ್ಲಾ ಮಗ?" ಎಂದು ನಕ್ಕರು. ಆದರೂ ಕೊಟ್ಟರು, ರಾಗಿ ಮಾರಿದ ಹಣ.

ಗುಹೆಯನ್ನು ಹೊಕ್ಕೊಡನೆ ಗೆಳೆಯರ ಗದ್ದಲ ಅಡಗಿತು. ಮೇಲೆ, ಬಂಡೆಯ ಬಿರುಕಿನಲ್ಲಿ, ಒಂದು ಪಟ್ಟಿಯಷ್ಟು ಆಕಾಶ. ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಮ್ಮೂರಿನಲ್ಲಿ ಕತ್ತಲೆಗೆ ಕಿವಿಗೊಡುವುದು ಕೊಂಬೆ ಮುರಿದ ಸದ್ದಿಗಾಗಿ. ಇಲ್ಲಿ ಹೆದರಿಕೆಯಿಲ್ಲದೆ ಕಿವಿಗೊಟ್ಟು ನಿಂತೆ. ತಂದೆಯವರಿಗೆ ಇಂಥ ಗಳಿಗೆ ಎಂದಾದರೂ ಒದಗಿತ್ತೇ ಎಂದು ನೆನೆದೆ, ಒಂದೂ ಹೊಳೆಯಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಹೊರಗಿನಿಂದ ಕೂಗಿದರು. ಬಂಡೆಯ ನೆತ್ತಿಯಲ್ಲಿ ಹೆಜ್ಜೇನು ಸಾಲಾಗಿ ಕಟ್ಟಿತ್ತು. ಎಷ್ಟು ಹುಟ್ಟುಗಳೆಂದು ಅವರು ಕೇಳಿಯೇ ಕೇಳುತ್ತಾರೆ, ನಿಂತು ಎಣಿಸಿದೆ.