ಜಕಣನ ಕಪ್ಪೆ, ದಾಸೋಜನ ರುಜು

ಅರಸೀಕೆರೆ ಸೀಮೆಯ ನನ್ನ ವಯಸ್ಸಿನವರಿಗೆ ಜಕಣಾಚಾರಿ ಎಂದರೆ ಕಲ್ಯಾಣ್ ಕುಮಾರ್. ಬೇಲೂರಿನ ಗುಡಿಯನ್ನು ನೋಡುವ ಮೊದಲೇ ಅದನ್ನು ಕೆತ್ತಿದವನ ಮುಖ ನಮಗೆ ಪರಿಚಯವಾಗಿತ್ತು. ‘ಅಮರಶಿಲ್ಪಿ ಜಕಣಾಚಾರಿ’ ತೆರೆಕಂಡದ್ದು 1964ರಲ್ಲಿ. ನಮ್ಮ ಕಡೆಯ ಟೆಂಟಿಗೆ ಅದು ಬಂದದ್ದು ಎಷ್ಟೋ ಊರು ಸುತ್ತಿ, ಸವೆದು, ಮೈತುಂಬ ಗೀರು ಬಿದ್ದ ಮೇಲೆ. ರೀಲು ಕಡಿದಾಗ ಶಿಳ್ಳೆ ಹಾಕುವುದು, ಅಂಟಿಸಿ ಮತ್ತೆ ಬಿಟ್ಟಾಗ ಒಂದು ಸೀನು ಹಾರಿಹೋಗಿರುವುದು ಮಾಮೂಲು. ಬೆಂಚಿನವರ ಮುಂದೆ ನೆಲಕ್ಕೆ ಕೂತವರು ಎದ್ದು ನಿಂತರೆ ಜಗಳ. ಆ ದಿನಗಳ ಟೆಂಟನ್ನು ಸ್ವರ್ಗದ ಹಾಗೆ ಬಣ್ಣಿಸುವವರನ್ನು ಕಂಡಿದ್ದೇನೆ. ಅವರು ಬೀಡಿ ಹೊಗೆಯನ್ನೂ ತಿಗಣೆಯನ್ನೂ ಮರೆತಿದ್ದಾರೆ.

ಆದರೆ ಆ ಚಿತ್ರಕ್ಕೆ ಜನ ಮುಗಿಬಿದ್ದದ್ದಕ್ಕೆ ಕಾರಣವಿತ್ತು: ಬಣ್ಣ. ಅದಕ್ಕೂ ಮೊದಲು ಒಂದಷ್ಟು ರೀಲು ಮಾತ್ರ ಬಣ್ಣದಲ್ಲಿದ್ದ ಕನ್ನಡ ಚಿತ್ರಗಳು ಬಂದಿದ್ದವು. ಪೂರ್ತಿ ಈಸ್ಟ್‌ಮನ್ ಕಲರಿನಲ್ಲಿ ಬಂದ ಮೊದಲ ಕನ್ನಡ ಚಿತ್ರ ಇದು. ಬಿ. ಸರೋಜಾದೇವಿಯ ಸೀರೆಯ ಬಣ್ಣ ಯಾವುದು ಎಂದು ಮಾರನೇ ದಿನ ಬಾವಿಕಟ್ಟೆಯಲ್ಲಿ ಹೆಂಗಸರು ವಾದ ಮಾಡುತ್ತಿದ್ದರು.

ನಿರ್ಮಾಪಕ, ನಿರ್ದೇಶಕ ಎರಡೂ ಬಿ.ಎಸ್. ರಂಗಾ. ಮೂಲತಃ ಕ್ಯಾಮರಾಮನ್. ಮದರಾಸಿನಲ್ಲಿ ಸ್ವಂತ ವಿಕ್ರಂ ಸ್ಟುಡಿಯೋ ಇಟ್ಟುಕೊಂಡಿದ್ದವರು. 1956ರಲ್ಲೇ ತೆನಾಲಿ ರಾಮಕೃಷ್ಣನ ಕಥೆಯನ್ನು ತೆಲುಗು, ತಮಿಳು ಎರಡರಲ್ಲೂ ತೆಗೆದಿದ್ದರು. 1959ರ ಅವರ ‘ಮಹಿಷಾಸುರ ಮರ್ದಿನಿ’ ಹಿಂದಿಗೂ ಡಬ್ ಆಯಿತು. ಜಕಣಾಚಾರಿಯನ್ನೂ ಅವರು ಕನ್ನಡಕ್ಕೊಂದು, ತೆಲುಗಿಗೊಂದು ಎಂದು ಎರಡು ಸಲ ಚಿತ್ರೀಕರಿಸಿದರು. ತೆಲುಗಿನಲ್ಲಿ ಜಕ್ಕನ್ನನಾದವರು ಅಕ್ಕಿನೇನಿ ನಾಗೇಶ್ವರರಾವ್. ನಾಯಕಿ ಎರಡಕ್ಕೂ ಸರೋಜಾದೇವಿಯೇ, ಸಂಗೀತ ಎರಡಕ್ಕೂ ಎಸ್. ರಾಜೇಶ್ವರರಾಯರದ್ದೇ. ಕಲರ್ ಫಿಲ್ಮಿನ ಖರ್ಚನ್ನು ಕನ್ನಡದ ಟೆಂಟುಗಳ ನೆಲದ ಟಿಕೆಟ್ಟಿನಿಂದ ಎತ್ತಲಾಗದು ಎಂಬ ಲೆಕ್ಕ ಯಾರಿಗಾದರೂ ಹೊಳೆಯುವಂಥದು. ಈಗ ಪ್ಯಾನ್ ಇಂಡಿಯಾ ಎಂದು ಟೀಸರು ಬಿಡುವವರು ಅದನ್ನು ತಾವೇ ಕಂಡುಹಿಡಿದಂತೆ ಆಡುತ್ತಾರೆ, ಇರಲಿ. ತೆಲುಗಿನಲ್ಲಿ ಆ ಹೆಸರು ಎಷ್ಟು ಬೇರೂರಿದೆಯೆಂದರೆ, ಒಂದು ಶಾಟನ್ನು ಬಿಡದೆ ಕೆತ್ತುವ ರಾಜಮೌಳಿಗೆ ಅವರ ನಟರೇ ಇಟ್ಟ ಅಡ್ಡಹೆಸರು ಜಕ್ಕನ್ನ.

ಕಥೆ ಎಲ್ಲರಿಗೂ ಗೊತ್ತಿರುವಂಥದೇ. ತುಮಕೂರು ಹತ್ತಿರದ ಕೈದಾಳದ ಶಿಲ್ಪಿ ಹೆಂಡತಿಯನ್ನು ಬಿಟ್ಟು ಹೊರಡುತ್ತಾನೆ. ಬೇಲೂರಿನಲ್ಲಿ ವಿಗ್ರಹ ಕಡೆಯುತ್ತಾನೆ. ಎಲ್ಲಿಂದಲೋ ಬಂದ ಹುಡುಗ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಗಂಧ ಬಳಿದು ನೋಡಿದರೆ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ, ಉಳಿ ತಾಗಿಸಿದರೆ ನೀರಿನ ಜತೆ ಕಪ್ಪೆ ಹೊರಬರುತ್ತದೆ. ಮಾತು ಕೊಟ್ಟಿದ್ದಂತೆ ಜಕಣ ತನ್ನ ಕೈ ಕತ್ತರಿಸಿಕೊಳ್ಳುತ್ತಾನೆ. ಆ ಹುಡುಗ ಡಂಕಣ ತನ್ನದೇ ಮಗ ಎಂದು ಆಮೇಲೆ ತಿಳಿಯುತ್ತದೆ, ದೇವರ ಕೃಪೆಯಿಂದ ಕೈ ಮರಳುತ್ತದೆ. ಕಪ್ಪೆ ಹಾರಿದಾಗ ಇಡೀ ಟೆಂಟು ಹೋ ಎಂದಿತು. ನಮ್ಮೂರಿನ ಆಚಾರ್ರು ಮಾತ್ರ ಬೀಡಿ ಹಚ್ಚಿ, “ಒಬ್ನೇ ಅಷ್ಟೆಲ್ಲ ಕೆತ್ತಕ್ಕಾಯ್ತದೇನಪ್ಪ? ಅಷ್ಟು ಕೆಲಸಕ್ಕೆ ಉಳಿ ಹದ ಮಾಡಿಕೊಡಕ್ಕೇ ಇಬ್ರು ಬೇಕು” ಅಂದರು. ಅವರು ಕುಲುಮೆಯ ಮನುಷ್ಯ, ಲೆಕ್ಕ ಅಲ್ಲಿಂದ ಶುರುವಾಯಿತು.

ಸ್ಕೂಲಿನಿಂದ ಬಸ್ಸು ಮಾಡಿಕೊಂಡು ಹೋದಾಗ ಗೈಡು ಹೇಳಿದ್ದೂ ಸಿನಿಮಾದ ಕಥೆಯೇ. ಬೇಲೂರು ಜಕಣನದು, ಹಳೇಬೀಡು ಜಕಣನದು, ಸೋಮನಾಥಪುರವೂ ಜಕಣನದು. ಬೇಲೂರಿನ ಪ್ರತಿಷ್ಠೆಯಾದದ್ದು 1117ರಲ್ಲಿ, ಸೋಮನಾಥಪುರದ್ದು 1268ರ ಸುಮಾರಿನಲ್ಲಿ. ಕೂಡಿಕಳೆದರೆ ಜಕಣ ನೂರೈವತ್ತು ವರ್ಷ ಉಳಿ ಹಿಡಿದಿರಬೇಕು. ಕಪ್ಪೆ ಚೆನ್ನಿಗರಾಯನ ಮುಂದೆ ಹೊಕ್ಕುಳನ್ನು ಇಣುಕಿ ನೋಡಲು ನಾವು ನೂಕಾಡಿದೆವು. ಆ ಮೂರ್ತಿಯನ್ನು ಮಾಡಿಸಿದವಳು ರಾಣಿ ಶಾಂತಲೆ ಎಂದು ಶಾಸನವೇ ಹೇಳುತ್ತದೆ. ಅದನ್ನು ಯಾರೂ ಹೇಳಲಿಲ್ಲ. ಆಗ ಗುಡಿಯೊಳಗೆ ಬಾವಲಿ ನಾತ, ಹೊರಗೋಡೆಯ ಮೇಲೆ ಪ್ರೇಮಿಗಳು ಗೀಚಿದ ಹೆಸರು. ಹಳೇಬೀಡಿನ ನಂದಿಯ ಮೇಲೆ ಹುಡುಗರನ್ನು ಕೂರಿಸಿ ಫೋಟೋ ತೆಗೆಸುತ್ತಿದ್ದರು.

ಬೇಲೂರಿನ ಗುಡಿಯಲ್ಲಿ ಮೇಲೆ ನಿಂತ ಮದನಿಕೆಯರ ಪಾದದ ಕೆಳಗೆ ಅಕ್ಷರಗಳಿವೆ ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ, ರೈಸ್ ಸಾಹೇಬರು ಸಂಗ್ರಹಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ ಕೈಗೆ ಸಿಕ್ಕಾಗ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಗದಗಿನ ನಾಗೋಜ. ಹೊರಗೂ ಒಳಗೂ ಸೇರಿ ನಲವತ್ತೆರಡು ಮದನಿಕೆಯರು, ಅವುಗಳಲ್ಲಿ ಹಲವಕ್ಕೆ ಕೆತ್ತಿದವನ ರುಜು. ಕೆಲವರು ಹೆಸರಿನ ಜತೆ ಬಿರುದನ್ನೂ ಸೇರಿಸಿದ್ದಾರೆ. ಸಂಕೋಚದ ಜನವಲ್ಲ. ಇಷ್ಟೊಂದು ಹೆಸರು ಬರೆದಿಟ್ಟ ಜಾಗದಲ್ಲಿ ಜಕಣನ ಹೆಸರು ಮಾತ್ರ ಕಾಣುವುದಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ದಾಸೋಜ, ಚಾವಣರ ಜೋಡಿ. ಕಥೆಯಲ್ಲಿರುವಂತೆ ಇಲ್ಲೂ ಅಪ್ಪ ಮಗ, ಇಬ್ಬರೂ ಶಿಲ್ಪಿಗಳು, ಅದೇ ಬೇಲೂರು. ಇಲ್ಲಿ ಯಾರೂ ಯಾರನ್ನೂ ಸೋಲಿಸುವುದಿಲ್ಲ, ಕೈ ಹೋಗುವುದಿಲ್ಲ. ಇವನದೊಂದು ಬೊಂಬೆ, ಅವನದೊಂದು ಬೊಂಬೆ, ಕೆಳಗೆ ಹೆಸರು. ಇದರಿಂದ ಮೂರು ಗಂಟೆಯ ಸಿನಿಮಾ ಹೊರಡದು ಎಂಬುದು ನಿಜವೇ. ರಂಗಾ ಅವರ ತಪ್ಪೇನಿಲ್ಲ, ಅವರು ಜನ ಹೇಳುತ್ತಿದ್ದ ಕಥೆಗೆ ಬಣ್ಣ ಕೊಟ್ಟರು. ಆದರೆ ಆ ಬಣ್ಣ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಕೆಳಗಿದ್ದ ಅಕ್ಷರ ಎರಡು ತಲೆಮಾರಿಗೆ ಕಾಣಲಿಲ್ಲ.

ಈಗ ಹೋದರೆ ಎಲ್ಲ ಬೇರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಹುಲ್ಲುಹಾಸು, ಬೇಲಿ, ನಂದಿಯ ಹತ್ತಿರ ಹೋದರೆ ಸೀಟಿ. ನನಗೆ ಇದೇ ವಾಸಿ. ಗೈಡುಗಳು ಓದಿಕೊಂಡಿದ್ದಾರೆ, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬರುಬರುತ್ತ ಗಡಸು ಎಂದು ವಿವರಿಸುತ್ತಾರೆ. ಮೊನ್ನೆ ಒಬ್ಬ ಹುಡುಗ ಟಾರ್ಚ್ ಬಿಟ್ಟು ದಾಸೋಜನ ಹೆಸರು ತೋರಿಸಿದ. ಆಮೇಲೆ ಹೈದರಾಬಾದಿನ ಕಡೆಯ ಒಂದು ಕುಟುಂಬ ಜಕ್ಕನ್ನನ ಕಪ್ಪೆ ಎಲ್ಲಿ ಎಂದು ಕೇಳಿತು. ಅಲ್ಲಿಗೇ ಕರೆದುಕೊಂಡು ಹೋದ. “ದಾಸೋಜನನ್ನ ಎಲ್ಲರಿಗೂ ತೋರಿಸ್ತೀನಿ ಸಾರ್, ಕಪ್ಪೆ ತೋರಿಸದೆ ಬಿಟ್ಟರೆ ಮಾತ್ರ ಕಂಪ್ಲೇಂಟ್ ಬರುತ್ತೆ” ಅಂದ. ಸರ್ಕಾರವೂ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೆ ಜಕಣಾಚಾರಿಯ ಹೆಸರನ್ನೇ ಇಟ್ಟಿದೆ. ವಿಶ್ವಕರ್ಮ ಸಮಾಜಕ್ಕೆ ಅವನು ಕಥೆಯ ಪಾತ್ರವಲ್ಲ, ಕುಲದ ಹಿರಿಯ. ಶಾಸನ ಹಿಡಿದುಕೊಂಡು ಅವರ ಮುಂದೆ ವಾದಕ್ಕೆ ಕೂರುವ ಉಮೇದು ನನಗಿಲ್ಲ.

ನಮ್ಮ ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. ಅದರ ಮುಖಮಂಟಪ ನಕ್ಷತ್ರದ ಆಕಾರದ್ದು, ಅಂಥದು ಹೊಯ್ಸಳರಲ್ಲೂ ಅಪರೂಪ. ರೈಲಿಳಿದವರು ಆಟೋದಲ್ಲಿ ಅಲ್ಲಿಗೆ ಹೋಗಿಬರಬಹುದು. ಹೆಚ್ಚಿನವರು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಹಳೇಬೀಡಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಹಾರನಹಳ್ಳಿಯ ಎರಡು ಗುಡಿಗಳಿಗೂ ಇದೇ ಪಾಡು. ಅಲ್ಲಿ ಯಾವ ಕಲ್ಲಿನಲ್ಲೂ ಕಪ್ಪೆ ಇರಲಿಲ್ಲ.