ರುಕ್ಮವಿಮಾನಕ್ಕೆ ಬಣ್ಣ

ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ನಮಗೊಂದು ಹುಚ್ಚು ಹಿಡಿಯಿತೆಂದು ಅಣ್ಣಿಗೇರಿಯ ನಮ್ಮ ಮನೆಯವರು ಆಡಿಕೊಳ್ಳುವುದುಂಟು. ಆ ಮಾತು ಸುಳ್ಳಲ್ಲ. ಎಂದೂ ಹಾರದಿದ್ದ ವಿಮಾನವೊಂದರ ಪುಟ್ಟ ಪ್ರತಿಕೃತಿಯನ್ನು ಮಾಡಿಸಿ ಬಣ್ಣ ಹಚ್ಚುವುದರಲ್ಲಿ ನಾವು ಮೂರು ತಿಂಗಳು ಕಳೆದೆವು.

ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು 1918ರಿಂದ 1923ರ ವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ದ ಹೆಸರನ್ನು ವಾಚಕರು ಕೇಳಿರಬಹುದು. ಅದು ಭರದ್ವಾಜ ಮಹರ್ಷಿಗಳದೆಂದು ಅವರು ಹೇಳಿದರು. ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ವಿಮಾನಗಳ ನಕ್ಷೆಗಳನ್ನು ಬೆಂಗಳೂರಿನ ಎಲ್ಲಪ್ಪನವರು 1923ರಲ್ಲಿ ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚು ಹಾಕಿಸಿದರು. ಆ ಅಚ್ಚಿನದೇ ಒಂದು ಪ್ರತಿಯು, ಬೆನ್ನು ಹರಿದುದು, ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ದೊರೆತಾಗ ನಾವು ಚೌಕಾಸಿ ಮಾಡುವುದನ್ನೇ ಮರೆತೆವು.

ರುಕ್ಮದ ಆಕಾರವು ಅಂತಸ್ತಿನ ಮೇಲೆ ಅಂತಸ್ತಾಗಿ ಮೇಲಕ್ಕೆ ಕಿರಿದಾಗುವಂಥದು. ನೋಡಿದೊಡನೆ ಕಲಘಟಗಿಯ ತೊಟ್ಟಿಲಿನ ಕಾಲುಗಳು ನೆನಪಿಗೆ ಬಂದುವು. ನಕ್ಷೆಯನ್ನು ಹಿಡಿದು ಅಲ್ಲಿಯ ತೊಟ್ಟಿಲುಗಾರರೊಬ್ಬರ ಬಳಿಗೆ ಹೋದೆವು. ತಿರುಗಣಿಯ ಮೇಲೆ ಮರವು ತಿರುಗುತ್ತಿರಲು ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆಯ ಎಲೆಯಿಂದ ಉಜ್ಜಿದರೆ ಕನ್ನಡಿಯ ಹೊಳಪು.

“ಯಾವ ಬಣ್ಣ ಹಚ್ಚಲ್ರೀ, ಮಾಸ್ತರ್ರ?”

ರುಕ್ಮವೆಂದರೆ ಬಂಗಾರ. ಋಗ್ವೇದದ ಮರುತ್ತುಗಳು ಎದೆಯ ಮೇಲೆ ಧರಿಸುವ ಆಭರಣವೂ ರುಕ್ಮವೇ. ಇದೆಲ್ಲವನ್ನೂ ಅವರಿಗೆ ವಿವರಿಸಿದೆವು, ಅಭ್ಯಾಸಬಲ! ಅವರು ತಾಳ್ಮೆಯಿಂದ ಕೇಳಿ, “ಬಂಗಾರದ ಅರಗು ಇಲ್ರೀ, ಹಳದಿ ಐತಿ” ಎಂದರು.

ಹಳದಿಯು ನಮಗೆ ಸಾಲದಾಯಿತು. ಮನೆಗೆ ತಂದು, ಬಂಗಾರದ ಬಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಕುಂಚದಿಂದ ಹಚ್ಚಿದೆವು. ಕ್ಷಣಮಾತ್ರದಲ್ಲಿ ಅರಗು ಕರಗಿ, ಹಳದಿ ಕೆಂಪುಗಳು ಕಲೆತು ಕೆಸರಾದುವು. ಮರುದಿನ ಮತ್ತೆ ಕಲಘಟಗಿಯ ಬಸ್ಸು. “ಅರಗಿಗೆ ಸ್ಪಿರಿಟ್ ಹಚ್ಚತಾರೇನ್ರೀ?” ಎಂದು ಅವರು ನಕ್ಕರು.

ಅವರು ಕೆರೆದು ಹೊಸ ಅರಗು ಹಾಕುವ ತನಕ ಕಟ್ಟೆಯ ಮೇಲೆ ಕುಳಿತ ನಮಗೆ ಹಳೆಯದೊಂದು ತರಗತಿಯು ಕಣ್ಣಿಗೆ ಕಟ್ಟಿತು. ಈ ಗ್ರಂಥದ ಶ್ಲೋಕಗಳನ್ನು ಹೇಳಿ, ನಮ್ಮ ಪೂರ್ವಜರು ಹಾರಿದರೆಂದು ಎಷ್ಟೋ ವರ್ಷ ನಾವು ಪಾಠ ಮಾಡಿದ್ದೆವು. “ಇಂಜಿನ್ ಎಲ್ಲಿರತೈತ್ರೀ, ಸರ್?” ಎಂದು ಕೇಳಿದ ಹುಡುಗನೊಬ್ಬನನ್ನು ಗದರಿಸಿ ಕೂರಿಸಿದ್ದೆವು. ಅವನೇ ಮುಂದೆ ಇಂಜಿನಿಯರನಾಗಿ, ನಮ್ಮ ನಿವೃತ್ತಿಗೆ ಸ್ವಲ್ಪ ಮುಂಚೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಬರೆದ ಲೇಖನವನ್ನು ಕಳುಹಿಸಿದನು. ಗ್ರಂಥವು 1904ಕ್ಕಿಂತ ಹಿಂದಿನದಾಗಲಾರದು, ಅದರ ವಿಮಾನಗಳು ಹಾರಲಾರವು ಎಂಬುದು ಅವರ ನಿರ್ಣಯ. ಯಂತ್ರಗಣಿತ ನಮಗೆ ತಿಳಿಯದು. ಆದರೆ ಆ ಶ್ಲೋಕಗಳ ಭಾಷೆಯು ವೈದಿಕವಲ್ಲ, ಈಚಿನ ಸರಳ ಸಂಸ್ಕೃತವೆಂಬುದನ್ನು ಕಾಣಲು ನಮಗೆ ಯಾವ ಲೇಖನವೂ ಬೇಕಾಗಿರಲಿಲ್ಲ. ಕಂಡಿದ್ದೆವು, ಅಭಿಮಾನದಿಂದ ಬಾಯಿ ಬಿಡಲಿಲ್ಲ.

ದೀಪಾವಳಿಗೆ ಊರಿಗೆ ಬಂದ ಆ ಶಿಷ್ಯನು ನಮ್ಮ ಕಪಾಟಿನ ಹಳದಿ ರುಕ್ಮವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದನು.

“ಇಂಜಿನ್ ಇಲ್ಲಪ್ಪಾ. ಅಂದೇ ಹೇಳಬೇಕಾಗಿತ್ತು” ಎಂದೆವು.

ಅವನು ಏನೂ ಅನ್ನಲಿಲ್ಲ. ಕೆಲಸ ಬಹಳ ಚಂದಾಗಿದೆಯೆಂದು ಹೇಳಿ, ಸ್ವಲ್ಪ ನಾಚುತ್ತ ತೊಟ್ಟಿಲುಗಾರರ ವಿಳಾಸವನ್ನು ಕೇಳಿ ಬರೆದುಕೊಂಡನು.