ಕಲ್ಲಿನ ಪದರ ಓದುತ್ತಿದ್ದ ಕೈಗಳು

ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿರುವ ‘ಗೆಮ್ಮಾ ಆಗಸ್ಟಿಯಾ’ ಒಂದೇ ಒಂದು ಕಲ್ಲು. ಅಗಲ ಸುಮಾರು 23 ಸೆಂಟಿಮೀಟರ್, ಎತ್ತರ 19. ಅಷ್ಟರಲ್ಲೇ ರೋಮಿನ ಚಕ್ರವರ್ತಿ ಆಗಸ್ಟಸ್, ಪಕ್ಕದಲ್ಲಿ ದೇವತೆ, ಕೆಳಗೆ ವಿಜಯಸ್ತಂಭ ನಿಲ್ಲಿಸುತ್ತಿರುವ ಸೈನಿಕರು, ಜುಟ್ಟು ಹಿಡಿದು ಎಳೆದು ತಂದ ಸೆರೆಯಾಳುಗಳು. ಆಕೃತಿಗಳೆಲ್ಲ ಬಿಳಿ, ಹಿನ್ನೆಲೆ ಕಡುಬಣ್ಣ. ಬಳಿದದ್ದಲ್ಲ, ಅಂಟಿಸಿದ್ದಲ್ಲ, ಕಲ್ಲಿನೊಳಗೇ ಇದ್ದ ಪದರಗಳು. ಇಂಥ ಪದರಗಲ್ಲು ಆಗ ನಮ್ಮ ಭರೂಚ್ ಬಂದರಿನಿಂದಲೂ ಹಡಗು ಹತ್ತುತ್ತಿತ್ತು.

ಕ್ಯಾಮಿಯೋ ಕೆತ್ತನೆಯೆಂದರೆ ಆ ಪದರಗಳನ್ನು ಓದುವ ವಿದ್ಯೆ. ಅಗೇಟಿನ ಜಾತಿಯ ಕಲ್ಲು ಉಳಿಗೆ ಬಗ್ಗುವುದಿಲ್ಲ. ತಿರುಗುವ ಪುಟ್ಟ ಗಾಲಿಗೆ ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿಯನ್ನೋ ವಜ್ರದ ಪುಡಿಯನ್ನೋ ಹಚ್ಚಿ ತುಸುತುಸುವೇ ಸವೆಸಬೇಕು. ಬಿಳಿ ದಪ್ಪಗಿದ್ದಲ್ಲಿ ಹಣೆ, ಮೂಗು. ತೆಳುವಾದಂತೆಲ್ಲ ಅಡಿಯ ಕಪ್ಪು ಇಣುಕಿ ಕೆನ್ನೆಯ ಇಳಿಜಾರಿಗೆ, ಮುಸುಕಿನ ನಿರಿಗೆಗೆ ನಸುನೀಲಿ ನೆರಳು ಬೀಳುತ್ತದೆ. ಕೂದಲೆಳೆಯಷ್ಟು ಹೆಚ್ಚು ಸವೆದರೆ ಆ ಮುಖ ಕೆಟ್ಟಂತೆಯೇ.

ಇಟಲಿಯ ಬೆನೆಡೆಟ್ಟೊ ಪಿಸ್ಟ್ರುಚ್ಚಿ ಕೆತ್ತಿದ ಫ್ಲೋರಾ ದೇವಿಯ ಮುಖವನ್ನು ಇಂಗ್ಲೆಂಡಿನ ಸಂಗ್ರಾಹಕ ರಿಚರ್ಡ್ ಪೇನ್ ನೈಟ್ ಪ್ರಾಚೀನ ಕೃತಿಯೆಂದೇ ಕೊಂಡಿದ್ದ. ‘ಅದು ನನ್ನ ಕೈಕೆಲಸ’ ಎಂದು ಕೆತ್ತಿದವನೇ ಹೇಳಿದರೂ ಆತ ಒಪ್ಪಲಿಲ್ಲ. ಅಂಥ ಕೈ! 1817ರ ಸವರನ್ ನಾಣ್ಯಕ್ಕೆ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸೇಂಟ್ ಜಾರ್ಜ್‌ನ ಚಿತ್ರ ಕೊಟ್ಟವನೂ ಅವನೇ. ನಮ್ಮ ಅಜ್ಜಿಯಂದಿರು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಸವರನ್ನುಗಳ ಮೇಲೆ ಓಡುವುದು ಒಬ್ಬ ಕ್ಯಾಮಿಯೋ ಕೆತ್ತನೆಗಾರನ ಕುದುರೆಯೆಂದು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಈ ಕಲ್ಲುಗಳ ಊರು. ಹೊಳೆಯ ನೀರಿಗೆ ತಿರುಗುವ ಮರಳುಗಲ್ಲಿನ ದೊಡ್ಡ ಚಕ್ರದೆದುರು ಕೆಲಸಗಾರರು ಬೋರಲು ಮಲಗಿ ಅಗೇಟು ಉಜ್ಜುತ್ತಿದ್ದರು. ಕಲ್ಲಿನ ದೂಳು ಅವರ ಶ್ವಾಸಕೋಶ ತಿನ್ನುತ್ತಿತ್ತು. ಆ ದುಡಿಮೆ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಆದರೆ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿಗೆ ಅಲ್ಟ್ರಾಸಾನಿಕ್ ಯಂತ್ರ ಬಂದಾಗ ಪದರ ಓದುವ ಕೈಗಳಿಗೂ ಕೆಲಸ ಕಡಿಮೆಯಾಯಿತು. ಒಂದು ಮಾದರಿ ಕೆತ್ತಿಸಿ ಉಕ್ಕಿನ ಅಚ್ಚು ಮಾಡಿದರೆ ಸಾಕು. ಕಂಪಿಸುವ ಅಚ್ಚು, ನಡುವಿನ ಉಜ್ಜುಪುಡಿ ಸೇರಿ ಬೇಕಾದಷ್ಟು ಮುಖಗಳನ್ನು ಇಳಿಸುತ್ತವೆ. ಪದರವೂ ಹದವಾಗಿರಲೆಂದು ಕಲ್ಲನ್ನು ಒಂದೇ ದಪ್ಪಕ್ಕೆ ಕೊಯ್ದು, ಬಣ್ಣ ಕುಡಿಸಿ ಸಿದ್ಧಪಡಿಸುತ್ತಾರೆ.

ಕೈಯಲ್ಲೇ ಕೆತ್ತುವವರು ಆ ಊರಿನಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಬಳಿ ವರ್ಷಗಟ್ಟಲೆ ಕೂತು ಕಲಿಯುವ ಹುಡುಗ ಹುಡುಗಿಯರು ಬೇಕು, ಅವರ ಕೆಲಸಕ್ಕೆ ತಕ್ಕ ಬೆಲೆ ಕೊಡುವವರು ಬೇಕು. ಅಂಗಡಿಯ ಪೆಟ್ಟಿಗೆಯಲ್ಲಂತೂ ಈಗ ಸಾಲಾಗಿ ಒಂದೇ ಹೆಂಗಸು: ಅದೇ ತುರುಬು, ಅದೇ ಮೂಗು, ಯಾವ ಕಲ್ಲಾದರೂ ನಡೆದೀತು.